ಸಾಬೂನು ಯಾವ ಪಟ್ಟಿಗೆ?

ನಮ್ಮ ಮಕ್ಕಳು ಓದುತ್ತ ಬಂದಿರುವ 9ನೇ ತರಗತಿಯ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದ ಎರಡನೇ ಅಧ್ಯಾಯದ ಕೊನೆಗೆ ಒಂದು ಅಭ್ಯಾಸವಿದೆ. ಸೋಡಿಯಂ, ಮಣ್ಣು, ಬೆಳ್ಳಿ, ಗಾಳಿ, ಸಾಬೂನು, ರಕ್ತ ಎಂದು 13 ಹೆಸರು ಕೊಟ್ಟು, ಧಾತು, ಸಂಯುಕ್ತ, ಮಿಶ್ರಣಗಳಾಗಿ ವಿಂಗಡಿಸಿ ಎನ್ನುತ್ತದೆ. ಬೆಳ್ಳಿ, ಗಾಳಿಯ ಬಗ್ಗೆ ತಕರಾರಿಲ್ಲ. ಸಾಬೂನಿನ ಬಗ್ಗೆ ಇದೆ. ಎಷ್ಟೋ ಗೈಡುಗಳು ಅದನ್ನು ಸಂಯುಕ್ತದ ಸಾಲಿಗೆ ಹಾಕುತ್ತವೆ.

ಮೈಸೂರಿನ ಶ್ರೀರಾಂಪುರದ ಮಕ್ಕಳಾದರೂ ಈ ಉತ್ತರವನ್ನು ಸುಮ್ಮನೆ ಒಪ್ಪಬಾರದು. ಇಲ್ಲಿಂದ ಮಾನಂದವಾಡಿ ರಸ್ತೆ ಹಿಡಿದು ಊರೊಳಕ್ಕೆ ಹೋದರೆ 1916ರಲ್ಲಿ ಶುರುವಾದ ಗಂಧದೆಣ್ಣೆ ಕಾರ್ಖಾನೆ ಸಿಗುತ್ತದೆ. ಗಂಧದ ಪುಡಿಗೆ ಹಬೆ ಹಾಯಿಸಿ, ಹಬೆಯೊಂದಿಗೆ ಎದ್ದ ಎಣ್ಣೆಯನ್ನು ತಣಿಸಿ, ನೀರಿನಿಂದ ಬೇರೆ ಮಾಡಿ ತೆಗೆದ ಎಣ್ಣೆ ಅದು. ಆಲ್ಫಾ ಸ್ಯಾಂಟಲಾಲ್, ಬೀಟಾ ಸ್ಯಾಂಟಲಾಲ್ ಅದರಲ್ಲಿ ಮುಖ್ಯ. ಜೊತೆಗೆ ಇನ್ನೂ ಹತ್ತಾರು ಸಂಯುಕ್ತಗಳಿವೆ. ಅಂಥ ಎಣ್ಣೆ ಬೆರೆತ ಸೋಪು ಒಂದೇ ಸಂಯುಕ್ತ ಹೇಗಾದೀತು? ಗಂಧದ ಮಾತು ಬಿಡಿ, ಪರಿಮಳವಿಲ್ಲದ ಬಟ್ಟೆ ಸೋಪೂ ಅಷ್ಟೇ. ಸೋಪಿಗೆ ಮೂಲವಾದ ಕೊಬ್ಬಿನೆಣ್ಣೆ ಯಾವುದೇ ಇರಲಿ, ಅದರಲ್ಲಿ ಹಲವು ಬಗೆಯ ಕೊಬ್ಬಿನಾಮ್ಲಗಳಿರುತ್ತವೆ. ಕಾಸ್ಟಿಕ್ ಸೋಡಾ ಸೇರಿದಾಗ ಒಂದೊಂದರಿಂದ ಒಂದೊಂದು ಲವಣ ಹುಟ್ಟುತ್ತದೆ. ಸೋಡಿಯಂ ಸ್ಟಿಯರೇಟ್ ಸಂಯುಕ್ತ ನಿಜ, ಬಚ್ಚಲುಮನೆಯ ಸೋಪು ಮಿಶ್ರಣ.

ಪುಸ್ತಕಕ್ಕೆ ದಾರಿ ಗೊತ್ತಿಲ್ಲವೆಂದಲ್ಲ. ಅದೇ ಅಧ್ಯಾಯದ ಕಬ್ಬಿಣ–ಗಂಧಕದ ಪ್ರಯೋಗ ಇಡೀ ಪಾಠದ ಜೀವ. ಎರಡನ್ನೂ ಬರೀ ಬೆರೆಸಿಟ್ಟಾಗ ಅಯಸ್ಕಾಂತ ಕಬ್ಬಿಣದ ಪುಡಿಯನ್ನು ಎಳೆದುಕೊಳ್ಳುತ್ತದೆ. ಕೆಂಪಗೆ ಕಾಯಿಸಿ, ಎರಡೂ ಪೂರ್ತಿ ಕೂಡಿಕೊಂಡ ಮೇಲೆ ಉಳಿಯುವ ಕಪ್ಪು ಗಟ್ಟಿಯಿಂದ ಅದಕ್ಕೆ ಕಬ್ಬಿಣ ಸಿಗುವುದಿಲ್ಲ. ವರ್ಗೀಕರಣವೆಂದರೆ ಹೀಗೆ ಬೇರ್ಪಡಿಸಲು ಹೋಗಿ ಕಂಡುಕೊಳ್ಳುವ ಕೆಲಸ. ಇಷ್ಟು ಚೆನ್ನಾಗಿ ತೋರಿಸಿಕೊಟ್ಟ ಪುಸ್ತಕವೇ ಅಭ್ಯಾಸಕ್ಕೆ ಬರುವಷ್ಟರಲ್ಲಿ ಬರೀ ಹೆಸರು ಕೇಳುತ್ತದೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ.

ವಿಜ್ಞಾನಿಗಳೂ ಹೀಗೆ ಬೇರ್ಪಡಿಸಲು ಹೋಗಿಯೇ ಕಲಿತರು. 1789ರಲ್ಲಿ ರಸಾಯನಶಾಸ್ತ್ರಜ್ಞ ಲವಾಸಿಯೆ ಮಾಡಿದ 33 ಸರಳ ವಸ್ತುಗಳ, ಅಂದರೆ ಧಾತುಗಳ, ಪಟ್ಟಿಯಲ್ಲಿ ಸುಣ್ಣವೂ ಇತ್ತು. ಅದನ್ನು ಒಡೆಯುವ ಉಪಾಯ ಆಗ ಯಾರಿಗೂ ಸಿಕ್ಕಿರಲಿಲ್ಲ. 1808ರಲ್ಲಿ ಹಂಫ್ರಿ ಡೇವಿ ವಿದ್ಯುತ್ತಿನ ನೆರವಿನಿಂದ ಕ್ಯಾಲ್ಸಿಯಂ ಬೇರ್ಪಡಿಸಿದ; ಸುಣ್ಣ ಸಂಯುಕ್ತಗಳ ಸಾಲಿಗೆ ಬಂತು. ಪಾಠದಲ್ಲಿ ಇರಲೇಬೇಕಾದ ಕಥೆ ಇದು.

ಅಭ್ಯಾಸದ ಪ್ರಶ್ನೆಯನ್ನು ತೆಗೆದುಹಾಕುವುದು ಬೇಡ. ‘ಯಾವ ಪರೀಕ್ಷೆಯ ಆಧಾರದಿಂದ ಹೇಳುತ್ತೀರಿ?’ ಎಂಬ ಒಂದು ಸಾಲು ಸೇರಿಸಲಿ. ಆಗ ಸಾಬೂನು ಮಿಶ್ರಣವೆಂದು ಬರೆದು ಕಾರಣ ಕೊಟ್ಟ ಹುಡುಗಿಯ ಅಂಕ ಕಳೆಯಲು ಯಾರಿಗೂ ಆಗುವುದಿಲ್ಲ.