ಪುಸ್ತಕಕ್ಕೆ ತಾಳೆಯಾದ ನಂಬರು ಯಾವ ಗಾಡಿಯದು?

ಹಳೆ ಗಾಡಿ ಕೊಳ್ಳಲು ಹೋದವರು ಬ್ರೋಕರ್ ಬಾಯಿಂದ ಮೊದಲು ಕೇಳುವುದು "ಪೇಪರ್ ಎಲ್ಲಾ ಕ್ಲಿಯರ್ ಇದೆ ಸಾರ್" ಎಂಬ ಮಾತನ್ನು. ಆರ್‌ಸಿ ಪುಸ್ತಕ ಇದೆ, ಎಫ್‌ಸಿ ಆಗಿದೆ, ಬೇಕಾದರೆ ಎನ್‌ಒಸಿಯನ್ನೂ ಕೊಡಿಸೋಣ. ಆಮೇಲೆ ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು, ಪೆನ್ಸಿಲ್ ಉಜ್ಜಿ, ಮೂಡಿದ ಅಂಕಿಗಳನ್ನು ಪುಸ್ತಕದೊಂದಿಗೆ ತಾಳೆ ನೋಡುವ ಶಾಸ್ತ್ರ. ತಾಳೆಯಾದರೆ ಅಡ್ವಾನ್ಸ್. ಆರ್‌ಟಿಒ ಕಚೇರಿಗೆ ಬೇಕಾದದ್ದೂ ಇಷ್ಟೇ, ಹಳೆ ಗಾಡಿಯ ಹುಚ್ಚಿರುವ ಬಹುಮಂದಿ ಮಾಡುವುದೂ ಇಷ್ಟೇ. ಹತ್ತು ವರ್ಷದ ಸೆಕೆಂಡ್‌ಹ್ಯಾಂಡ್ ಕಾರಿಗೆ ಇದು ಸಾಕು. ಅರವತ್ತು, ಎಂಬತ್ತು ವರ್ಷದ ಗಾಡಿಯನ್ನು ಕೊಂಡು, ಬಿಚ್ಚಿ, ಲಕ್ಷಗಟ್ಟಲೆ ಸುರಿದು ಹಳೆಯ ರೂಪಕ್ಕೆ ತರಲು ಹೊರಟವರಿಗೆ ಏನೇನೂ ಸಾಲದು. ನಂಬರು ಪುಸ್ತಕಕ್ಕೆ ಹೊಂದುತ್ತದೆಯೇ ಎಂಬುದನ್ನಷ್ಟೇ ಈ ಪರೀಕ್ಷೆ ನೋಡುತ್ತದೆ. ನಂಬರು ಹೊತ್ತ ಆ ಲೋಹದ ತುಂಡು ಉಳಿದ ಗಾಡಿಯ ಜೊತೆಗೇ ಬಂದದ್ದೇ ಎಂದು ಕೇಳುವುದಿಲ್ಲ.

ನಮ್ಮಲ್ಲಿ ಗಾಡಿಗಿಂತ ಪುಸ್ತಕದ ಆಯುಸ್ಸು ಹೆಚ್ಚು. 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಪ್ರಕಾರ ಗಾಡಿ ನಾಶವಾದರೆ, ಅಥವಾ ಇನ್ನೆಂದೂ ಓಡಲಾರದಷ್ಟು ಹಾಳಾದರೆ, ಮಾಲೀಕ 14 ದಿನಗಳೊಳಗೆ ಅಥವಾ ಆದಷ್ಟು ಬೇಗ ನೋಂದಣಿ ಅಧಿಕಾರಿಗೆ ತಿಳಿಸಿ ಪುಸ್ತಕ ಒಪ್ಪಿಸಬೇಕು. ಹಿತ್ತಲಲ್ಲಿ ತುಕ್ಕು ಹಿಡಿದ ಗಾಡಿಯನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದ ಮನೆಯವರಲ್ಲಿ ಎಷ್ಟು ಜನ ಹಾಗೆ ಹೋಗಿ ತಿಳಿಸಿಯಾರು? ಗಾಡಿ ಕರಗಿ ಕಬ್ಬಿಣವಾಗುತ್ತದೆ, ಪುಸ್ತಕ ಬೀರುವಿನಲ್ಲಿ ಉಳಿಯುತ್ತದೆ, ಮುಂದೊಂದು ದಿನ ಅದಕ್ಕೂ ಗಿರಾಕಿ ಬರುತ್ತಾನೆ. ಪೇಪರ್ ಇಲ್ಲದ ಗಾಡಿಗೆ ಗಾಡಿ ಇಲ್ಲದ ಪೇಪರ್ ಸಿಕ್ಕರೆ, ಬಾಕಿ ಉಳಿಯುವುದು ಗ್ರೈಂಡರ್ ಮತ್ತು ನಂಬರ್ ಪಂಚುಗಳ ಕೆಲಸ ಮಾತ್ರ. ಆಮೇಲೆ ಪೆನ್ಸಿಲ್ ಉಜ್ಜಿದರೆ ತಾಳೆಯಾಗದೆ ಇನ್ನೇನು?

ಇದನ್ನು ಜೀಪಿನ ಮೂಲಕ ನೋಡುವುದು ಒಳ್ಳೆಯದು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ದುಡಿದ 'ಲೋ ಬಾನೆಟ್' ಜೀಪುಗಳಿಗೆ ಈಗ ಭಾರೀ ಬೇಡಿಕೆ. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆ ಎರಡನೇ ಮಹಾಯುದ್ಧದ ಕಾಲದ್ದಕ್ಕೆ. 1941ರಿಂದ 1945ರ ನಡುವೆ ವಿಲ್ಲಿಸ್ ಮತ್ತು ಫೋರ್ಡ್ ಎರಡೂ ಕಂಪನಿಗಳು ಅಮೆರಿಕದ ಸೇನೆಗಾಗಿ ಒಂದೇ ನಕ್ಷೆಯ ಜೀಪುಗಳನ್ನು ಆರು ಲಕ್ಷಕ್ಕೂ ಮಿಕ್ಕಿ ತಯಾರಿಸಿದವು. ವಿಲ್ಲಿಸ್‌ನದು ಎಂಬಿ, ಫೋರ್ಡ್‌ನದು ಜಿಪಿಡಬ್ಲ್ಯೂ. ಹತ್ತು ಹೆಜ್ಜೆ ದೂರದಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಕಾಣದು. ರೇಡಿಯೇಟರ್ ಮುಂದೆ, ಕೆಳಗೆ ಬಗ್ಗಿ ನೋಡಬೇಕು. ಚಾಸಿಸ್‌ನ ಎರಡು ಉದ್ದದ ಹಳಿಗಳನ್ನು ಮುಂದೆ ಜೋಡಿಸುವ ಅಡ್ಡ ಸದಸ್ಯ ವಿಲ್ಲಿಸ್‌ನಲ್ಲಿ ದುಂಡನೆಯ ಕೊಳವೆ, ಫೋರ್ಡ್‌ನಲ್ಲಿ ಮಗುಚಿದ ತೊಟ್ಟಿಯಂಥ ಪಟ್ಟಿ. ವಿಲ್ಲಿಸ್ ತನ್ನ ಚಾಸಿಸ್ ನಂಬರನ್ನು ಎಡ ಹಳಿಯ ಒಳಮೈಗೆ ರಿವೆಟ್ ಮಾಡಿದ ಚಿಕ್ಕ ತಗಡಿನ ಮೇಲೆ ಕೊಡುತ್ತಿತ್ತು. ಫೋರ್ಡ್ ನೇರವಾಗಿ ಎಡ ಹಳಿಯ ಮೇಲ್ಮೈಗೇ ಪಂಚ್ ಮಾಡುತ್ತಿತ್ತು. ಇಷ್ಟು ಸಾಲದೆಂಬಂತೆ ಫೋರ್ಡ್ ತನ್ನ ಬೋಲ್ಟುಗಳ ತಲೆಯ ಮೇಲೂ, ಸಣ್ಣಪುಟ್ಟ ಬಿಡಿಭಾಗಗಳ ಮೇಲೂ 'ಎಫ್' ಅಕ್ಷರ ಒತ್ತಿ ಕಳಿಸುತ್ತಿತ್ತು. ತಾನು ಮಾಡಿದ ಸಾಮಾನು ಯಾವುದೆಂದು ಗುರುತು ಸಿಗಬೇಕೆಂಬ ಹಟ ಅದಕ್ಕಿತ್ತು. ಇವತ್ತಿನ ಗಿರಾಕಿಗೆ ಅದು ಪುಕ್ಕಟೆ ಉಪಕಾರ.

ಈಗ ನಮ್ಮ ಕಥೆ ಸೇರಿಸಿ. ಸ್ವಾತಂತ್ರ್ಯ ಬಂದ ಹೊಸತರಲ್ಲೇ ಮಹೀಂದ್ರಾ ಇಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಮುಂದೆ ಬಂದ ಸಿಜೆ-3ಬಿ ಮಾದರಿಯ ಇಂಜಿನ್ ಎತ್ತರದ್ದು, ಹಾಗಾಗಿ ಬಾನೆಟ್ಟೂ ಎತ್ತರ. ಮುಂಭಾಗದ ಜಾಲರಿಯಲ್ಲಿ ಏಳು ಸೀಳು. ಯುದ್ಧಕಾಲದ ಜೀಪಿನಲ್ಲಿ ಒಂಬತ್ತು. ಆದರೆ ಈ ಜಾಲರಿ ನಾಲ್ಕು ಬೋಲ್ಟ್ ಬಿಚ್ಚಿದರೆ ಕೈಗೆ ಬರುವ ತಗಡು, ಒಂಬತ್ತು ಸೀಳಿನದೂ ಹೊಸದಾಗಿಯೇ ಸಿಗುತ್ತದೆ. ಹರಿಯಾಣದ ದಬ್ವಾಲಿಯಂಥ ಊರುಗಳು ಹಳೆ ಮಾದರಿಯ ಜೀಪು ಬಾಡಿಯನ್ನು ಹೊಸ ತಗಡಿನಲ್ಲಿ ಕಟ್ಟಿಕೊಡುವುದಕ್ಕೇ ಹೆಸರಾಗಿವೆ. ಕಟ್ಟುವವರ ಕೈಚಳಕದ ಬಗ್ಗೆ ನನಗೆ ಮೆಚ್ಚುಗೆಯಿದೆ. ಅಂಥ ಬಾಡಿಗೆ ಆಲಿವ್ ಹಸಿರು ಬಳಿದು, ಬಿಳಿ ನಕ್ಷತ್ರ ಬರೆದು, '1944 ಮಾಡೆಲ್, ಬರ್ಮಾ ಫ್ರಂಟ್ ನೋಡಿದ ಗಾಡಿ' ಎಂದು ಮಾರುವುದು ಬೇರೆ ಕಸುಬು. ಮಿಲಿಟರಿ ಹರಾಜಿನಿಂದ ಬಂದ ಗಾಡಿಗಳಲ್ಲಿ ಇನ್ನೊಂದು ತೊಡಕಿದೆ. ಅವು ಸೇನೆಯ ನಂಬರಿನಲ್ಲಿ ಓಡಿ, ಹರಾಜಾದ ಮೇಲಷ್ಟೇ ಆರ್‌ಟಿಒ ಪುಸ್ತಕ ಕಂಡವು. ಪುಸ್ತಕದ ವರ್ಷ ಒಂದು, ಗಾಡಿಯ ವಯಸ್ಸು ಇನ್ನೊಂದು. ಅಲ್ಲಿ ವರ್ಷ ಹೊಂದಲಿಲ್ಲವೆಂದು ಒಳ್ಳೆ ಗಾಡಿಯನ್ನು ಬಿಟ್ಟವರೂ ಇದ್ದಾರೆ.

ಪೆನ್ಸಿಲ್ ಪಂಥದವರನ್ನು ಬಿಟ್ಟರೆ ಸಂಗ್ರಾಹಕರದು ಇನ್ನೊಂದು ಪಂಥ. ಅವರದು 'ಮ್ಯಾಚಿಂಗ್ ನಂಬರ್ಸ್' ಜಪ: ಕಾರ್ಖಾನೆ ಬಿಟ್ಟಾಗ ಇದ್ದ ಇಂಜಿನ್ನೇ ಇವತ್ತೂ ಇರಬೇಕು. ಅಮೆರಿಕದ ಮಾರುಕಟ್ಟೆಯಿಂದ ಬಂದ ಈ ಅಳತೆ ಯುದ್ಧದ ಜೀಪಿಗೆ ಹಿಡಿದರೆ ತಮಾಷೆಯಾಗುತ್ತದೆ. ಒಂದು ಜೀಪಿನ ಯಾವ ಭಾಗವನ್ನಾದರೂ ಬಿಚ್ಚಿ ಇನ್ನೊಂದಕ್ಕೆ ಹಾಕುವಂತಿರಬೇಕು ಎಂಬುದೇ ಸೇನೆಯ ಷರತ್ತಾಗಿತ್ತು. ಸೇನೆಯ ವರ್ಕ್‌ಶಾಪುಗಳಲ್ಲಿ ವಿಲ್ಲಿಸ್ ಚಾಸಿಸ್‌ಗೆ ಫೋರ್ಡ್ ಇಂಜಿನ್ ಕೂರಿಸುವುದು ದಿನನಿತ್ಯದ ಕೆಲಸ. ಅಂಥ ಜೀಪಿನ ಬೆರಕೆಯನ್ನು ನಾನು ಕಲಬೆರಕೆ ಎನ್ನಲಾರೆ. ಅದು ಅದರ ಸರ್ವಿಸ್ ದಾಖಲೆ.

ಗುರುತು ಎಲ್ಲಿದೆ ಎಂಬ ಈ ಪ್ರಶ್ನೆ ಒಮ್ಮೆ ಲಂಡನ್ನಿನ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. 1929 ಮತ್ತು 1930ರಲ್ಲಿ ಸತತ ಎರಡು ವರ್ಷ ಲ ಮಾನ್ಸ್ ರೇಸ್ ಗೆದ್ದ ಬೆಂಟ್ಲಿ ಸ್ಪೀಡ್ ಸಿಕ್ಸ್‌ಗೆ 'ಓಲ್ಡ್ ನಂಬರ್ ಒನ್' ಎಂದು ಹೆಸರು. ರೇಸಿನಿಂದ ರೇಸಿಗೆ ಅದರ ಭಾಗಗಳು ಬದಲಾಗುತ್ತ ಹೋದವು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಅದು ಅಪಘಾತಕ್ಕೀಡಾಗಿ ಚಾಲಕ ಕ್ಲೈವ್ ಡನ್‌ಫೀ ತೀರಿಕೊಂಡರು. ಆಮೇಲೆ ಕಾರನ್ನು ಮತ್ತೆ ಕಟ್ಟಲಾಯಿತು. ದಶಕಗಳ ನಂತರ ಒಂದು ಕೋಟಿ ಪೌಂಡಿಗೆ ಮಾರಾಟದ ಒಪ್ಪಂದವಾದಾಗ, ಇದು ಆ ಕಾರೇ ಅಲ್ಲವೆಂದು ಕೊಳ್ಳುವವರು ಹಿಂದೆ ಸರಿದರು. 1990ರಲ್ಲಿ ನ್ಯಾಯಮೂರ್ತಿ ಆಟನ್ ಕೊಟ್ಟ ತೀರ್ಪು ಮಾರಾಟಗಾರರ ಪರ. ಮೊದಲ ಗೆಲುವಿನ ದಿನ ಕಾರಿನಲ್ಲಿದ್ದ ಲೋಹ ಹೆಚ್ಚೇನೂ ಉಳಿದಿಲ್ಲವೆಂಬುದನ್ನು ಅವರು ಒಪ್ಪಿದರು. ಆದರೂ ಬದಲಾವಣೆಗಳೆಲ್ಲ ಒಂದೇ ಕಾರಿನ ಮೇಲೆ, ಒಂದೇ ಎಳೆಯಲ್ಲಿ ನಡೆದಿವೆ, ಆ ಹೆಸರಿಗೆ ಇನ್ನೊಂದು ಕಾರು ಇಲ್ಲ ಎಂಬುದು ಅವರ ತರ್ಕ. ತೀರ್ಪನ್ನು ಒಪ್ಪದ ಬೆಂಟ್ಲಿ ಪಂಡಿತರು ಇಂದಿಗೂ ಇದ್ದಾರೆ. ನನಗೆ ಅದು ಸರಿಯೆನಿಸುತ್ತದೆ. ತುಂಡುಗಳಿಗಿಂತ ಎಳೆ ಮುಖ್ಯ. ಆದರೆ ಆ ಎಳೆಯನ್ನು ಮಾರುವವನ ಬಾಯಿಮಾತಿನಲ್ಲಿ ಅಲ್ಲ, ದಾಖಲೆಯಲ್ಲೂ ಲೋಹದಲ್ಲೂ ಹಿಡಿದು ತೋರಿಸಬೇಕು.

ಬ್ರಿಟನ್ನಿನ ವಾಹನ ನೋಂದಣಿ ಇಲಾಖೆ ತೀರಾ ಮಾರ್ಪಟ್ಟ ಗಾಡಿಗಳಿಗೆ ಬಹುಕಾಲ ಬಳಸಿದ ಅಂಕಪದ್ಧತಿ ಇಲ್ಲಿ ನೆನಪಾಗುತ್ತದೆ. ಚಾಸಿಸ್‌ಗೆ 5 ಅಂಕ. ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್ ವ್ಯವಸ್ಥೆ, ಸ್ಟಿಯರಿಂಗ್‌ಗೆ ತಲಾ 2. ಇಂಜಿನ್‌ಗೆ ಬರೀ 1. ಹಳೆಯ ಗುರುತು ಉಳಿಯಲು 8 ಅಂಕ ಬೇಕಿತ್ತು. ಒರಟು ಲೆಕ್ಕ, ನಿಜ. ಆದರೂ ಇಂಜಿನ್‌ಗೆ ಅದು ಕೊಟ್ಟ ಸ್ಥಾನ ನೋಡಿ.

ನಮ್ಮ ಕಾನೂನು ಹಾಗೆ ಲೆಕ್ಕ ಹಾಕುವುದಿಲ್ಲ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂದು, 50 ವರ್ಷ ದಾಟಿದ ದ್ವಿಚಕ್ರ, ನಾಲ್ಕುಚಕ್ರದ ವಾಹನಗಳಿಗೆ 'ವಿಂಟೇಜ್' ಎಂಬ ಪ್ರತ್ಯೇಕ ನೋಂದಣಿ ಸಿಕ್ಕಿತು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೊಮ್ಮೆ ನವೀಕರಣಕ್ಕೆ 5,000. ಹೊಸದಾಗಿ ನೋಂದಾಯಿಸಿದವಕ್ಕೆ 'ವಿಎ' ಸರಣಿ, ಆಗಲೇ ನೋಂದಣಿ ಇದ್ದವು ಹಳೆಯ ನಂಬರ್ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ 'ಎಂವೈ' ನಂಬರ್ ಹೊತ್ತ ಗಾಡಿಯವರಿಗೆ ಇದು ಎಂಥ ಸಮಾಧಾನ ಎಂದು ಬೇರೆ ಹೇಳಬೇಕಿಲ್ಲ. ಸ್ವಾಗತಾರ್ಹ ನಿಯಮವೇ. ತೊಡಕಿರುವುದು ಅದರ ಷರತ್ತಿನಲ್ಲಿ: ಗಾಡಿ ಮೂಲರೂಪದಲ್ಲಿರಬೇಕು, ಗಣನೀಯ ಮಾರ್ಪಾಡು ಆಗಿರಬಾರದು. ಪೆಟ್ರೋಲ್ ದುಬಾರಿಯಾದ ದಿನಗಳಲ್ಲಿ ಈ ದೇಶದಲ್ಲಿ ಪ್ಲಿಮತ್, ಶೆವ್ರೊಲೆಯಿಂದ ಹಿಡಿದು ಅಂಬಾಸಿಡರ್, ಜೀಪಿನವರೆಗೆ ಎಷ್ಟು ಗಾಡಿಗಳ ಹೊಟ್ಟೆಗೆ ಡೀಸೆಲ್ ಇಂಜಿನ್ ಸೇರಲಿಲ್ಲ! ಹಾಗೆ ಮಾಡಿದ್ದರಿಂದಲೇ ಅವು ಗುಜರಿ ಪಾಲಾಗದೆ ಉಳಿದವು. ಈಗ ನಿಯಮದ ಕಣ್ಣಿಗೆ ಉಳಿಸಿದ ಆ ಇಂಜಿನ್ನೇ ದೋಷ. ಆದ್ದರಿಂದ ಕೊಳ್ಳುವ ಮೊದಲೇ ನೋಡಬೇಕಾದದ್ದು ಇದು: ಡೀಸೆಲ್‌ಗೆ ಬದಲಾಯಿಸಿದ್ದು ಪುಸ್ತಕದಲ್ಲಿ ನಮೂದಾಗಿದೆಯೇ? ಕಾಯ್ದೆಯ 52ನೇ ಕಲಂ ಕಂಪನಿ ಕೊಟ್ಟ ವಿವರದಿಂದ ಗಾಡಿಯನ್ನು ಬದಲಾಯಿಸುವುದಕ್ಕೆ ಅಡ್ಡಿ ಹಾಕುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಬಿಗಿಯಾಗಿ ಎತ್ತಿಹಿಡಿದಿದೆ.

ಅಂಬಾಸಿಡರ್‌ನಲ್ಲಿ ಇನ್ನೂ ನವಿರಾದ ಪ್ರಶ್ನೆಯಿದೆ. ಮೊದಲ ಮಾರ್ಕ್ 1 ಕಾರುಗಳಿಗಿದ್ದದ್ದು 1476 ಸಿಸಿಯ ಸೈಡ್ ವಾಲ್ವ್ ಇಂಜಿನ್. 1959ರಲ್ಲಿ ಕಾರ್ಖಾನೆಯೇ ಅದನ್ನು ಬಿಟ್ಟು 1489 ಸಿಸಿಯ ಓವರ್‌ಹೆಡ್ ವಾಲ್ವ್ ಇಂಜಿನ್ ಹಾಕಿತು. ಹಾಗಾಗಿ ಈ ಎರಡನೆಯ ಇಂಜಿನ್ ಇರುವ ಮಾರ್ಕ್ 1 ಹುಟ್ಟಾ ಹಾಗೇ ಇದ್ದಿರಬಹುದು, ಯಾರೋ ಮೇಸ್ತ್ರಿ ಆಮೇಲೆ ಕೂರಿಸಿರಲೂಬಹುದು. ಇಸವಿ ಹೇಳದೆ ಉತ್ತರವಿಲ್ಲ. ಮುಖ ನೋಡಿ ಮಾರ್ಕ್ ಹೇಳುವವರನ್ನಂತೂ ನಂಬಬಾರದು. ಬಿಚ್ಚಿ ಹಾಕಲು ಎಲ್ಲಕ್ಕಿಂತ ಸುಲಭವಾದದ್ದೇ ಮುಖ.

ಇಷ್ಟೆಲ್ಲ ಪರೀಕ್ಷೆಯನ್ನು ಕೊಳ್ಳುವ ಮೊದಲೇ ಏಕೆ ಮಾಡಬೇಕೆಂದರೆ, ಆಮೇಲೆ ಮಾಡಲು ಏನೂ ಉಳಿಯುವುದಿಲ್ಲ. ರೆಸ್ಟೋರೇಶನ್ ಎಂದರೆ ಒಂದರ್ಥದಲ್ಲಿ ಸಾಕ್ಷ್ಯನಾಶ. ಗಾಡಿಯನ್ನು ಸ್ಯಾಂಡ್‌ಬ್ಲಾಸ್ಟಿಂಗಿಗೆ ಕಳಿಸಿದ ದಿನ ಹಳೆಯ ಬಣ್ಣದ ಪದರಗಳು, ವೆಲ್ಡಿಂಗ್ ಗುರುತು, ನಂಬರಿನ ಸುತ್ತ ಗ್ರೈಂಡರ್ ಆಡಿದ ಗೆರೆ ಎಲ್ಲ ಒಟ್ಟಿಗೇ ಹೋಗುತ್ತವೆ. ನಂಬರಿನ ಅಂಕಿಗಳನ್ನು ಓದುವುದಕ್ಕಿಂತ ಅವುಗಳ ಆಳ, ಸಾಲು, ಸುತ್ತಲಿನ ಲೋಹದ ದಪ್ಪ ನೋಡುವುದು ಮೇಲು. ನಂಬರ್ ತಗಡಿನ ರಿವೆಟ್‌ಗಳು ಇವತ್ತಿನ ಪಾಪ್ ರಿವೆಟ್‌ಗಳಾಗಿದ್ದರೆ ಅದು ತಾನಾಗಿ ಅಪರಾಧವಲ್ಲ, ಆದರೆ ಉತ್ತರ ಕೇಳಬೇಕಾದ ಸಂಗತಿ. ಹೊರಗಿನ ಬಣ್ಣ ಎಷ್ಟು ಸಲವಾದರೂ ಬದಲಾಗಿರುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ, ಡಿಕ್ಕಿಯ ಹಿಂಜಿನ ಸಂದಿಯಲ್ಲಿ ಪೇಂಟರ್ ಗನ್ ಹೋಗಿರುವುದಿಲ್ಲ. ಅಲ್ಲಿನ ಬಣ್ಣ ಪುಸ್ತಕ ಹೇಳುವ ಬಣ್ಣವಾಗಿದ್ದರೆ ಒಂದು ಗಂಟು ಬಿಗಿಯಾಯಿತು. ಆಯಸ್ಕಾಂತ ಹಿಡಿದು ಬಣ್ಣದಡಿ ಪುಟ್ಟಿ ಎಲ್ಲಿ ತುಂಬಿದೆ ಎಂದು ನೋಡುವುದು ಎಲ್ಲರಿಗೂ ಗೊತ್ತು. ಚಾಸಿಸ್ ನಂಬರಿನ ಸುತ್ತಲೂ ಹಾಗೆ ಹಿಡಿದು ನೋಡುವವರು ಕಡಿಮೆ.

ಕಾಗದದ ಕಡೆ, ಆರ್‌ಸಿಗಿಂತ ಅದರ ನೆಂಟರಿಷ್ಟರು ಹೆಚ್ಚು ಮಾತಾಡುತ್ತಾರೆ: ಹಳೆಯ ಇನ್ಶೂರೆನ್ಸ್ ಪಾಲಿಸಿ, ತೆರಿಗೆ ಕಾರ್ಡ್, ಗ್ಯಾರೇಜಿನ ಬಿಲ್ಲು, ಮದುವೆಗೆ ಸಿಂಗರಿಸಿ ನಿಲ್ಲಿಸಿದ ಗಾಡಿಯ ಕಪ್ಪುಬಿಳುಪು ಫೋಟೋ. ಆರ್‌ಸಿಯನ್ನು ದುಡ್ಡು ಕೊಟ್ಟು ಕೊಳ್ಳಬಹುದು, ಈ ಇಡೀ ಬಳಗವನ್ನು ಕೊಳ್ಳುವುದು ಕಷ್ಟ. ಪುಸ್ತಕದಲ್ಲಿ ಹೆಸರಿರುವವರ ಮನೆಗೆ ಹೋಗಿ ಕೇಳಿದರೆ ಒಂದು ಕಾಫಿ ಕುಡಿಯುವಷ್ಟರಲ್ಲಿ ತಿಳಿಯುವುದು ವಾಹನ್ ಪೋರ್ಟಲ್‌ನಲ್ಲಿ ಸಿಗುವುದಿಲ್ಲ. ಎಷ್ಟೋ ಹಳೆಯ ಪುಸ್ತಕಗಳ ವಿವರ ಅದಕ್ಕೆ ಏರಿಯೇ ಇಲ್ಲ, ಆರ್‌ಟಿಒದಲ್ಲಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಅದನ್ನು ಅಡ್ವಾನ್ಸ್ ಕೊಡುವ ಮೊದಲು ಮಾರುವವರಿಂದಲೇ ಮಾಡಿಸಿಕೊಳ್ಳುವುದು ಒಳ್ಳೆಯದು.

ಎರಡು ಮೂರು ಜೀಪುಗಳಿಂದ ಒಂದಾದ ಗಾಡಿಯನ್ನು ಕೊಳ್ಳಲೇಬಾರದು ಎಂದು ನನ್ನ ವಾದವಲ್ಲ. ಬೇರೆ ಇಂಜಿನ್, ಹೊಸ ಬಾಡಿ, ಮಹೀಂದ್ರಾ ಗೇರ್‌ಬಾಕ್ಸ್ ಇದ್ದೂ ಚಾಸಿಸ್ ಮತ್ತು ಅದರ ನಂಬರು ಪ್ರಾಮಾಣಿಕವಾಗಿದ್ದರೆ ಅದು ತೋಟದ ಏರಿನಲ್ಲಿ ಸೊಗಸಾಗಿಯೇ ಓಡುತ್ತದೆ. ಬೆಲೆ ಮಾತ್ರ ತೋಟದ ಜೀಪಿನದಾಗಿರಬೇಕು, ಯುದ್ಧದ ಜೀಪಿನದಲ್ಲ. ಯಾವ ಭಾಗ ಎಲ್ಲಿಂದ ಬಂತೆಂದು ಮಾರುವವರು ಕರಾರು ಪತ್ರದಲ್ಲಿ ಬರೆದು ಸಹಿ ಹಾಕಬೇಕು. ನಂಬರೇ ತಿದ್ದಿದ್ದಾದರೆ ಚೌಕಾಸಿಗೆ ಕೂರುವ ಮಾತೇ ಇಲ್ಲ: ಅಂಥ ಗಾಡಿ ಕದ್ದದ್ದಾಗಿದ್ದರೆ ಪೊಲೀಸರು ಬರುವುದು ಕಡೆಯದಾಗಿ ಕೊಂಡವರ ಮನೆಗೆ.