ದಿನವಿಶೇಷ ಓದಿದರೆ ದೇಶದ ಇತಿಹಾಸ ತಿಳೀತದೇನು?

ನಮ್ಮ ಗಡಿಭಾಗದ ಕನ್ನಡ ಸಾಲಿಗಳಲ್ಲಿ ದಿನಾ ಮುಂಜಾನೆ ಪರಿಪಾಠ ನಡೆಯುತ್ತದೆ. ಪ್ರಾರ್ಥನೆ, ಪ್ರತಿಜ್ಞೆ, ಸುವಿಚಾರ ಆದಮೇಲೆ ಒಂದು ಹುಡುಗ ಇಲ್ಲವೆ ಹುಡುಗಿ ಎದ್ದು ನಿಂತು ‘ದಿನವಿಶೇಷ’ ಓದುತ್ತದೆ. ಇಂಥಾ ತಾರೀಖಿಗೆ ಇಂಥವರು ಹುಟ್ಟಿದರು, ಇಂಥವರು ತೀರಿಕೊಂಡರು, ಇಂಥಾ ಕಾಯಿದೆ ಬಂತು ಅಂತ. ಗೋಡೆಗೆ ತೂಗಿದ ಕ್ಯಾಲೆಂಡರಿನಾಗೂ ಇದೇ, ಈಗ ಮೊಬೈಲಿನಾಗೂ ಬೆಳಗಾದರ ಇದೇ ಬರ್ತದ. ಹಿಂಗ ವರ್ಷದ 365 ದಿನ ಓದಿದರೆ ದೇಶದ ಇತಿಹಾಸ ಪೂರಾ ಬಂದಂಗಾತು ಅಂತ ಭಾಳ ಮಂದಿ ತಿಳಿದಾರ. ಈ ಪದ್ಧತಿಯನ್ನ ತೂಗಿ ನೋಡಬೇಕಂತ ಈ ಲೇಖನ. ನಾನು ಏಳನೇ ಇಯತ್ತೆ ತನಕ ಕಲಿತಾಂವ, ಒಕ್ಕಲುತನ ಮಾಡಾಂವ, ಗೀಗೀ ಮೇಳದಾಗ ಹಾಡಾಂವ. ಹಾಡಿಕಿಯವರ ಕಣ್ಣಿಗೆ ಕಂಡದ್ದನ್ನ ಹೇಳತೀನಿ. ಮಾಸ್ತರರು, ಅಕ್ಕೋರು ಓದಿ ತಮ್ಮ ಮಾತು ಹೇಳಬೇಕು.

ಮೊದಲು ಒಳ್ಳೇದು ಹೇಳೋಣ. ತಾರೀಖು ಬ್ಯಾಡ ಅಂತ ನಾ ಅನ್ನೂದಿಲ್ಲ. ತಾರೀಖು ಅಂದರೆ ಗೂಟ. ಗೂಟ ಇಲ್ಲದಿದ್ದರೆ ಎತ್ತು ಯಾರ ಹೊಲಕ್ಕೆ ಹೋದೀತು ಹೇಳಾಕ ಆಗೂದಿಲ್ಲ. ನಮ್ಮ ಹಾಡುಗಳೊಳಗ ಈ ತೊಂದರೆ ಅದ. ಲಾವಣಿಯೊಳಗೆ ಒಬ್ಬ ವೀರ ನೂರು ಮಂದಿಯನ್ನ ಕಡಿದರೆ, ಮುಂದಿನ ಊರಾಗ ಹಾಡೂವಾಗ ಅದು ಸಾವಿರ ಆಗ್ತದ. ಹತ್ತು ವರ್ಷದ ಅಂತರದಾಗ ಆದ ಎರಡು ಕಾಳಗ ಒಂದೇ ರಾತ್ರಿ ಆದಂಗ ಆಗ್ತದ. ಹರದೇಶಿ-ನಾಗೇಶಿ ವಾದದೊಳಗೆ ಎದುರಿನವರು ‘ಇದು ಯಾವ ಇಸವಿ?’ ಅಂತ ಸವಾಲು ಹಾಕಿದರೆ ಹಾಡಿಕಿಯವ ತಲಿ ಕೆರಕೊಳ್ಳಬೇಕು. ತಾರೀಖು ಹಾಡನ್ನ ಹದ್ದಿನಾಗ ಇಡ್ತದ. ಆ ಉಪಕಾರ ದೊಡ್ಡದು.

ಆದರೆ ಬರೇ ಗೂಟ ನೋಡಿದರೆ ಎತ್ತು ನೋಡಿದಂಗ ಆಗೂದಿಲ್ಲ. ದಿನವಿಶೇಷದ ಮೊದಲ ಕೊರತೆ ಏನಂದರೆ, ಆ ದಿನವನ್ನ ಯಾರು ಆರಿಸಿದರು, ಯಾಕ ಆರಿಸಿದರು ಅನ್ನೂದನ್ನ ಅದು ಹೇಳೂದಿಲ್ಲ. ತಾರೀಖು ಮಳಿ ಬಿದ್ದಂಗ ತಾನೇ ಬೀಳೂದಿಲ್ಲ, ಮನುಷ್ಯರು ಆರಿಸ್ತಾರ. ಜನವರಿ 26 ನೋಡ್ರಿ. 1929ರ ಡಿಸೆಂಬರಿನಾಗ ಲಾಹೋರ ಕಾಂಗ್ರೆಸ್ಸಿನಲ್ಲಿ ಪೂರ್ಣ ಸ್ವರಾಜ್ಯದ ಠರಾವು ಆಯಿತು. 1930ರ ಜನವರಿ 26ನ್ನು ಮಂದಿ ಸ್ವಾತಂತ್ರ್ಯದ ದಿನ ಅಂತಲೇ ಆಚರಿಸಿದರು, ಮುಂದ 1947ರ ತನಕ ಅದೇ ಸ್ವಾತಂತ್ರ್ಯದ ದಿನ ಆಗಿತ್ತು. ಸಂವಿಧಾನವನ್ನ ಸಭೆ ಒಪ್ಪಿದ್ದು 1949ರ ನವೆಂಬರ್ 26ಕ್ಕ. ಪೂರಾ ಜಾರಿ ಮಾಡಾಕ ಎರಡು ತಿಂಗಳು ಕಾದರು. ಯಾಕಂದರೆ ಆ ಹಳೇ ದಿನದ ಮಾನ ಉಳೀಬೇಕಿತ್ತು.

ಆಗಸ್ಟ್ 15ರ ಕತಿ ಬ್ಯಾರೆ. ಬ್ರಿಟಿಷ್ ಸರಕಾರ ಮೊದಲು ಹೇಳಿದ್ದು 1948ರ ಜೂನ್ ಒಳಗೆ ಬಿಟ್ಟು ಹೋಗ್ತೀವಿ ಅಂತ. ಅದನ್ನ ಹಿಂದಕ್ಕೆ ಎಳೆದು 1947ರ ಆಗಸ್ಟ್ 15 ಅಂತ ಗೊತ್ತು ಮಾಡಿದವರು ಮೌಂಟ್‌ಬ್ಯಾಟನ್. ಅದು ಎರಡು ವರ್ಷದ ಹಿಂದೆ ಜಪಾನ ಸೋತು ಶರಣಾದ ದಿನ. ಅಂದರೆ ಒಂದು ದಿನ ನಮ್ಮವರು ಆರಿಸಿದ್ದು, ಒಂದು ದಿನ ಹೋಗುವವರು ಆರಿಸಿದ್ದು. ಝೇಂಡಾ ಎರಡೂ ದಿನ ಏರ್ತದ, ಪೇಢೆ ಎರಡೂ ದಿನ ಹಂಚ್ತಾರ. ಈ ಫರಕು ಹೇಳಿದರೆ ಹುಡುಗರ ಕಣ್ಣು ಅರಳ್ತಾವ. ಬರೇ ‘ಗಣರಾಜ್ಯ ದಿನ’, ‘ಸ್ವಾತಂತ್ರ್ಯ ದಿನ’ ಅಂತ ಓದಿಸಿದರೆ ಆಕಳಿಕಿ ಬರ್ತದ.

ಎರಡನೇ ಕೊರತೆ, ತಾರೀಖಿನ ಚಮತ್ಕಾರಕ್ಕ ಮರುಳಾಗೂದು. ಸಂಗೊಳ್ಳಿ ರಾಯಣ್ಣ ಹುಟ್ಟಿದ್ದು ಆಗಸ್ಟ್ 15 ಅಂತಾರ. ನಂದಗಡದಾಗ ಗಲ್ಲಿಗೇರಿದ್ದು 1831ರ ಜನವರಿ 26ಕ್ಕ. ಇದನ್ನ ಹೇಳಿದರೆ ಸಭಾ ಚಪ್ಪಾಳಿ ಹೊಡೀತದ. ಹೊಡೀಲಿ, ಬ್ಯಾಡನ್ನೂದಿಲ್ಲ. ಆದರೆ ರಾಯಣ್ಣ ಯಾಕ ಎದ್ದ? ಕಿತ್ತೂರಿಗೆ ದತ್ತುಮಗ ನಡೆಯೂದಿಲ್ಲ ಅಂದರು, ಸಂಸ್ಥಾನ ಮುಳುಗಿಸಿದರು, ಊಳಿಗದವರ ಇನಾಮು ಹೊಲಕ್ಕ ಕೈ ಹಾಕಿದರು. ಹೊಲ ಹೋದವನ ಸಿಟ್ಟು ಅದು. ಅದನ್ನ ನಮ್ಮಂಥಾ ಒಕ್ಕಲುತನದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ತಾರೀಖಿನ ಜೋಡಿ ಹೇಳಿ ಹೊಲದ ಸಂಗತಿ ಬಿಟ್ಟರೆ ರಾಯಣ್ಣನ ಹೆಸರು ಉಳೀತದ, ಅವನ ಮಾತು ಹೋಗ್ತದ.

ಹಲಗಲಿ ಬೇಡರ ಲಾವಣಿಯನ್ನೇ ತೊಗೊಳ್ರಿ. ಫ್ಲೀಟ್ ಸಾಹೇಬ ಅದನ್ನ ಸಂಗ್ರಹಿಸಿ ಅಚ್ಚು ಹಾಕಿಸಿದ, ಅದಕ್ಕ ಇವತ್ತೂ ನಮ್ಮ ಕೈಗೆ ಸಿಗ್ತದ. ಹಲಗಲಿಯ ಕಾಳಗ ನಡೆದದ್ದು 1857ರ ನವೆಂಬರಿನಾಗ. ಹಾಡು ಕೇಳಿದವರಿಗೆ ತಾರೀಖು ನೆನಪು ಉಳಿಯೂದಿಲ್ಲ. ಆದರೆ ‘ಮನೆಯಾಗಿನ ಆಯುಧ ತಂದು ಒಪ್ಪಿಸ್ರಿ’ ಅನ್ನೂ ಹುಕುಮು ಬಂತು, ಬೇಡರು ಒಲ್ಲೆ ಅಂದರು ಅನ್ನೂದು ಯಾರಿಗೂ ಮರೆಯೂದಿಲ್ಲ. ಹಾಡು ಕಾರಣ ಹಿಡಕೊಳ್ತದ, ತಾರೀಖು ಬಿಡ್ತದ. ಕ್ಯಾಲೆಂಡರ್ ತಾರೀಖು ಹಿಡಕೊಳ್ತದ, ಕಾರಣ ಬಿಡ್ತದ. ಹುಡುಗರಿಗೆ ಎರಡೂ ಬೇಕು.

ಮೂರನೇದು, ಒಂದೇ ದಿನಕ್ಕ ಬ್ಯಾರೆ ಬ್ಯಾರೆ ಹೆಸರು. ಹೈದರಾಬಾದಿನ ನಿಜಾಮ ಶರಣಾದದ್ದು 1948ರ ಸೆಪ್ಟೆಂಬರ್ 17ಕ್ಕ. ನಮ್ಮ ಅಕ್ಕಲಕೋಟೆಯಿಂದ ಆಳಂದ, ಅಫಜಲಪುರ ಎಷ್ಟು ದೂರ? ಆಗ ಅವು ನಿಜಾಮನ ಸೀಮೆ. ಮಹಾರಾಷ್ಟ್ರದಾಗ ಈ ದಿನಕ್ಕ ಮರಾಠವಾಡಾ ಮುಕ್ತಿಸಂಗ್ರಾಮ ದಿನ ಅಂತಾರ. ಕರ್ನಾಟಕದಾಗ ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ ಅಂತಿದ್ದರು, 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ ಅಂತಾರ. ತೆಲಂಗಾಣದ ಸರಕಾರ 2022ರಲ್ಲಿ ಏಕತೆಯ ದಿನ ಅಂದಿತು, ಸರಕಾರ ಬದಲಾದ ಮೇಲೆ 2024ರಲ್ಲಿ ಪ್ರಜಾಪಾಲನೆಯ ದಿನ ಅಂದಿತು. ನಡೆದದ್ದು ಒಂದೇ, ಹೆಸರು ಇಷ್ಟು. ವಿಮೋಚನೆ ಅನ್ನುವವರಿಗೆ ರಜಾಕಾರರ ಹಾವಳಿ ನೆನಪದ. ಏಕತೆ ಅನ್ನುವವರಿಗೆ ಆಮೇಲೆ ಕೂಡಿ ಬಾಳಬೇಕಾದ ಚಿಂತಿ ಅದ. ಯಾವ ಹೆಸರಿನ ಹಿಂದೆ ಯಾವ ನೆನಪು, ಯಾವ ರಾಜಕಾರಣ ಅದ ಅನ್ನೂದೇ ಇತಿಹಾಸ. ದಿನವಿಶೇಷದ ಒಂದು ಸಾಲಿನಾಗ ಅದು ಹಿಡಿಯೂದಿಲ್ಲ.

ನಾಲ್ಕನೇದು ಜಾಗದ ಜಗಳ. ಜನವರಿ 12 ಬಂದರೆ ಜಿಜಾಮಾತೆಯ ಜಯಂತಿ, ವಿವೇಕಾನಂದರ ಜಯಂತಿ. ಇಬ್ಬರ ಫೋಟೋಕ್ಕೂ ಹಾರ ಹಾಕ್ತಾರ, ಹಾಕಲೇಬೇಕು. ಆದರೆ ಅದೇ ದಿನ 1931ರಲ್ಲಿ ಸೊಲ್ಲಾಪುರದ ನಾಲ್ಕು ಮಂದಿಯನ್ನ ಯರವಡಾ ಜೇಲಿನಾಗ ಗಲ್ಲಿಗೆ ಹಾಕಿದರು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ ಹುಸೇನ, ಶ್ರೀಕಿಸನ ಸಾರಡಾ, ಜಗನ್ನಾಥ ಶಿಂದೆ. 1930ರ ಮೇ ತಿಂಗಳಿನಾಗ ಗಾಂಧೀಜಿಯವರನ್ನ ಹಿಡಿದ ಸುದ್ದಿ ಬಂದಾಗ ಗಿರಣಿ ಕಾಮಗಾರರು ಕೆಲಸ ಬಿಟ್ಟು ಹೊರಗ ಬಂದರು. ಗೋಳೀಬಾರು ಆಯಿತು, ಪೊಲೀಸ್ ಚೌಕಿ ಸುಟ್ಟಿತು, ಅಧಿಕಾರಿಗಳು ಊರು ಬಿಟ್ಟು ಸರಿದರು. ಕೆಲವು ದಿನ ಸೊಲ್ಲಾಪುರದಾಗ ಬ್ರಿಟಿಷರ ಮಾತು ನಡೀಲಿಲ್ಲ. ಮೇ 12ಕ್ಕ ಮಾರ್ಶಲ್ ಲಾ ಬಂತು, ಗಾಂಧಿ ಟೊಪಿಗಿ ಹಾಕೂದೂ ಗುನ್ಹೆ ಆಯಿತು. ಸಂತಿಗೆ ಹೋದಾಗ ‘ಚಾರ ಪುತಳಾ’ ಅಂತ ನಾವು ರಿಕ್ಷಾದವನಿಗೆ ಹೇಳ್ತೀವಲ್ಲ, ಆ ನಾಲ್ಕು ಪುತ್ಥಳಿ ಇವರದೇ. ನಾಲ್ಕು ಬ್ಯಾರೆ ಬ್ಯಾರೆ ಸಮಾಜದವರು, ಸತ್ತದ್ದು ಒಂದೇ ದಿನ. ನಮ್ಮ ಕಡೆ ಎಷ್ಟೋ ಹುಡುಗರಿಗೆ ಅದು ಬಸ್‌ಸ್ಟಾಪಿನ ಹೆಸರು ಅಷ್ಟ.

ಇನ್ನು ನಮ್ಮದೇ ತಾಲೂಕಿನ ಮಾತು. 1948ರ ಮಾರ್ಚ್ 8ಕ್ಕ ಅಕ್ಕಲಕೋಟೆ, ಜತ್ತ ಸಂಸ್ಥಾನಗಳು ಮುಂಬಯಿ ಪ್ರಾಂತದೊಳಗ ವಿಲೀನ ಆದವು. ನಮ್ಮ ಹಿರಿಯರು ರಾಜನ ಪ್ರಜೆ ಆಗೂದು ಬಿಟ್ಟದ್ದು ಆ ದಿನ. ಇದು ಯಾವ ಕ್ಯಾಲೆಂಡರಿನಾಗ ಅದ? ಮುಂದ 1956ರ ನವೆಂಬರ್ 1ಕ್ಕ ಭಾಷಾವಾರು ರಾಜ್ಯ ಆದಾಗ ಬಿಜಾಪುರ, ಧಾರವಾಡ, ಬೆಳಗಾವಿ ಮೈಸೂರು ಕಡೆ ಹೋದವು, ನಾವು ಮುಂಬಯಿಯೊಳಗ ಉಳಿದೆವು. 1960ರ ಮೇ 1ಕ್ಕ ಮಹಾರಾಷ್ಟ್ರ ಆಯಿತು. ಮನಿ ಅದೇ, ಹೊಲ ಅದೇ, ಬಾವಿ ಅದೇ, ಹನ್ನೆರಡು ವರ್ಷದಾಗ ಮೂರು ಸಲ ಮ್ಯಾಲಿನ ಹೆಸರು ಬದಲಾತು. ನವೆಂಬರ್ 1ಕ್ಕ ಆಚೆ ಊರಾಗ ಹಬ್ಬ, ಮೇ 1ಕ್ಕ ಈಚೆ ಊರಾಗ ಝೇಂಡಾ. ಇದರಾಗ ಯಾರನ್ನೂ ಬೈಯೂದು ಬ್ಯಾಡ. ಆದರೆ ಎರಡೂ ಕ್ಯಾಲೆಂಡರಿನ ನಡುವೆ ನಮ್ಮ ಹುಡುಗರು ತಮ್ಮ ಊರಿನ ಕತಿ ತಪ್ಪಿಸಿಕೊಂಡು ನಿಂತಾರ. ದೇಶದ ಇತಿಹಾಸ ಎಲ್ಲೋ ದಿಲ್ಲಿಯಾಗ ನಡೀತು ಅಂತ ಅವರು ತಿಳಕೊಂಡಾರ. ಅದು ನಮ್ಮ ಅಂಗಳದಾಗೂ ನಡೆದದ.

ಕಡೇ ಕೊರತೆ ಎಲ್ಲಕ್ಕಿಂತ ದೊಡ್ಡದು. ಯಾವುದಕ್ಕ ತಾರೀಖೇ ಇಲ್ಲವೋ ಅದು ಕ್ಯಾಲೆಂಡರಿನಾಗ ಬರೂದೇ ಇಲ್ಲ. ಬರಗಾಲಕ್ಕ ತಾರೀಖು ಎಲ್ಲಿಂದ ತರ್ತೀರಿ? ಮಳಿ ಬರಲಿಲ್ಲ ಅನ್ನೂದಕ್ಕ ಒಂದು ದಿನ ಅಂತ ಇರೂದಿಲ್ಲ. 1876ರಿಂದ 78ರ ತನಕದ ಬರ ಲಕ್ಷಗಟ್ಟಲೆ ಜೀವ ತಿಂದಿತು, ಅದಕ್ಕ ಯಾವ ಪುಣ್ಯತಿಥಿ ಅದ? 1972ರ ಬರ ನಾ ಕಣ್ಣಾರೆ ಕಂಡದ್ದು, ಆಗ ನಾ ಸಾಲಿ ಹುಡುಗ. ನಮ್ಮ ಅವ್ವ ರಸ್ತೆದ ಕೆಲಸದಾಗ ಖಡಿ ಒಡೀತಿದ್ದಳು. ಅಲ್ಲಿ ಕೊಟ್ಟ ಸುಕಡಿ ಸೆರಗಿನಾಗ ಕಟ್ಟಿಕೊಂಡು ಬಂದು ನಮಗ ಹಂಚತಿದ್ದಳು. ಆ ಬರದಾಗ ಖಡಿ ಒಡೆದ ಮಂದಿಯ ದೆಸೆಯಿಂದ ಮಹಾರಾಷ್ಟ್ರದಾಗ ರೋಜಗಾರ ಹಮಿ ಯೋಜನೆ ಗಟ್ಟಿ ಆಯಿತು, 1977ರಲ್ಲಿ ಕಾಯಿದೆ ಆಯಿತು. ಅದನ್ನ ನೋಡಿ 2005ರಲ್ಲಿ ಇಡೀ ದೇಶಕ್ಕ ಉದ್ಯೋಗ ಖಾತ್ರಿ ಕಾಯಿದೆ ಬಂತು. ಕಾಯಿದೆಗೆ ತಾರೀಖು ಅದ. ಖಡಿ ಒಡೆದ ಹೆಣ್ಣುಮಕ್ಕಳಿಗೆ ಇಲ್ಲ. ಅವರ ಸುದ್ದಿ ಬೀಸೂ ಪದದಾಗ, ಕುಟ್ಟೂ ಪದದಾಗ ಅದ. ಆ ಪದ ಬಲ್ಲವರು ಈಗ ಊರಿಗೆ ಇಬ್ಬರೋ ಮೂವರೋ ಉಳಿದಾರ.

ಹಂಗಾರ ಏನು ಮಾಡಬೇಕು? ದಿನವಿಶೇಷ ಬಿಡಿಸಬ್ಯಾಡ್ರಿ. ಓದಿದ ಮೇಲೆ ಮೂರು ಸವಾಲು ಹಾಕಿಸ್ರಿ. ಈ ದಿನ ಯಾರು ಆರಿಸಿದರು? ಅದರ ಹಿಂದಿನ ದಿನ, ಹಿಂದಿನ ವರ್ಷ ಏನಾಗಿತ್ತು? ಆಗ ನಮ್ಮ ಊರಾಗ ಏನು ನಡೆದಿತ್ತು? ಮೂರನೇ ಸವಾಲಿಗೆ ಉತ್ತರ ಪುಸ್ತಕದಾಗ ಸಿಗೂದಿಲ್ಲ. ಹುಡುಗರು ಮನಿಗೆ ಹೋಗಿ ಮುತ್ಯಾನ್ನ, ಆಯಿನ್ನ ಕೇಳಬೇಕು. ಕೇಳಿ ಬಂದದ್ದನ್ನ ಬರೆದಿಡಲಿಕ್ಕೆ ನಮ್ಮ ವಾಚನಾಲಯದಾಗ ಒಂದು ದಪ್ಪ ವಹಿ ಇಡೋಣ. ಜನವರಿ 12ರ ಪುಟದಾಗ ಆ ನಾಲ್ವರ ಹೆಸರು, ಮಾರ್ಚ್ 8ರ ಪುಟದಾಗ ಸಂಸ್ಥಾನ ಮುಗಿದದ್ದು. ಮಾರ್ಚ್ 8 ಮಹಿಳಾ ದಿನವೂ ಹೌದಲ್ಲ, ಖಡಿ ಒಡೆದ ತಾಯಂದಿರ ಹೆಸರನ್ನೂ ಅದೇ ಪುಟದಾಗ ಬರೀಬಹುದು. ಅವರಿಗೆ ಒಂದು ತಾರೀಖು ನಾವೇ ಕೊಟ್ಟಂಗ ಆಗ್ತದ. ಪದ ಬಲ್ಲ ಮುದುಕಿಯರು ಇನ್ನೂ ಬದುಕಿದ್ದಾಗಲೇ ಈ ಕೆಲಸ ಆಗಬೇಕು. ಮೊದಲನೇ ಪುಟ ಬರೀಲಿಕ್ಕೆ ಬರುವ ಅಮಾಸಿ ದಿನ ಸಂಜೀಮುಂದ ನಾನು ಬಂದು ಕೂಡ್ತೀನಿ. ಮಾಸ್ತರರು ಪೆನ್ನು ತರ್ರಿ.