ಕ್ಷಯತಿಥಿಯೂ ಟೈಮ್‌ಕೋಡೂ: ಆದವಾನಿ ಸೀಮೆಯಿಂದ ಒಂದು ಪರಿಭಾಷಾ ವಿಮರ್ಶೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸೇರಿದವು. ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿ ಮುಂದೆ ತೆಲುಗಿನ ಪರಿಸರದಲ್ಲಿ, ಇಂಗ್ಲಿಷ್ ಪಠ್ಯಗಳೊಡನೆ ಬಾಳಬೇಕು. ಪಾರಿಭಾಷಿಕ ಪದವೊಂದರ ಸರಿತಪ್ಪು ಬೆಂಗಳೂರಿನಲ್ಲಿ ಅಭಿರುಚಿಯ ವಿಷಯವಾಗಬಹುದು. ಆದವಾನಿಯಲ್ಲಿ ಅದು ಅದೇ ಪಾಠವನ್ನು ಮತ್ತೊಮ್ಮೆ ಕಲಿಯಬೇಕೇ ಎಂಬ ಪ್ರಶ್ನೆಯಾಗುತ್ತದೆ. ದೂರದರ್ಶನ ತಂತ್ರಜ್ಞಾನದ ಕಾಲವಾಚಕಗಳಲ್ಲಿ ಈ ತೊಡಕು ಎದ್ದು ಕಾಣುತ್ತದೆ.

ದೃಶ್ಯಸಂಕಲನದಲ್ಲಿ ಪ್ರತಿ ಫ್ರೇಮಿಗೂ ಗಂಟೆ, ನಿಮಿಷ, ಸೆಕೆಂಡು, ಫ್ರೇಮು ಎಂಬ ನಾಲ್ಕು ಜೋಡಿ ಅಂಕೆಗಳ ಟೈಮ್‌ಕೋಡ್ ಇರುತ್ತದೆ. ಭಾರತದ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮು, ಲೆಕ್ಕ ಸರಾಗ. ಅಮೆರಿಕದ ವರ್ಣ ಟೆಲಿವಿಷನ್ ಮಾತ್ರ 30ರ ಬದಲು ಸುಮಾರು 29.97ರ ವೇಗದಲ್ಲಿ ಓಡುತ್ತದೆ. ಆದ್ದರಿಂದ 30ರ ಎಣಿಕೆ ಗಂಟೆಗೆ 108 ಫ್ರೇಮು, ಅಂದರೆ 3.6 ಸೆಕೆಂಡು, ಗಡಿಯಾರಕ್ಕಿಂತ ಹಿಂದೆ ಬೀಳುತ್ತದೆ. ಇದನ್ನು ಸರಿದೂಗಿಸಲು ಪ್ರತಿ ನಿಮಿಷದ ಆರಂಭದಲ್ಲಿ 00, 01 ಎಂಬ ಎರಡು ಫ್ರೇಮ್ ಅಂಕೆಗಳನ್ನು ಹಾರಿಸುತ್ತಾರೆ; ಪ್ರತಿ ಹತ್ತನೆಯ ನಿಮಿಷಕ್ಕೆ ವಿನಾಯಿತಿ. ಇದಕ್ಕೆ 'ಡ್ರಾಪ್ ಫ್ರೇಮ್' ಎಂದು ಹೆಸರು. ಆದರೆ ಇಲ್ಲಿ ಒಂದು ಫ್ರೇಮೂ ಬಿದ್ದುಹೋಗುವುದಿಲ್ಲ. ಇಂಗ್ಲಿಷ್ ಹೆಸರೇ ದಾರಿತಪ್ಪಿಸುವಂಥದು. 'ಲುಪ್ತ ಚೌಕಟ್ಟು' ಎಂಬ ಮಾದರಿಯ ಶಬ್ದಾನುವಾದ ಆ ತಪ್ಪನ್ನು ಸಂಸ್ಕೃತದ ಗಾಂಭೀರ್ಯದೊಡನೆ ಕನ್ನಡಕ್ಕೆ ತರುತ್ತದೆ, ಅಷ್ಟೆ.

ಪಂಚಾಂಗ ನೋಡುವ ಮನೆಗಳಿಗೆ ಈ ಪರಿಕಲ್ಪನೆ ಹೊಸದಲ್ಲ. ಒಂದು ಸೂರ್ಯೋದಯದ ನಂತರ ಹುಟ್ಟಿ ಮರು ಸೂರ್ಯೋದಯಕ್ಕೆ ಮೊದಲೇ ಮುಗಿಯುವ ತಿಥಿ ಕ್ಷಯತಿಥಿ. ಇಂದು ಪಂಚಮಿ, ನಾಳೆ ಸಪ್ತಮಿ. ಷಷ್ಠಿ ನಡುವೆ ಬಂದುಹೋಗಿದೆ, ದಿನವೊಂದಕ್ಕೆ ಹೆಸರಾಗಲಿಲ್ಲ ಮಾತ್ರ. ಕಾಲ ಕಳೆದುಹೋಗಿಲ್ಲ, ಎಣಿಕೆ ಹಾರಿದೆ. ಹೋಲಿಕೆ ಪೂರ್ಣವಲ್ಲ: ತಿಥಿಯ ಕ್ಷಯ ಚಂದ್ರಸೂರ್ಯರ ಗತಿಯಿಂದ ಬರುವಂಥದು, ಟೈಮ್‌ಕೋಡಿನದು ಮನುಷ್ಯರು ಕಟ್ಟಿದ ನಿಯಮ. ಆದರೂ 'ಕ್ಷಯಾಂಕ ಎಣಿಕೆ' ಎಂದರೆ ಮಂತ್ರಾಲಯದ ಆಸುಪಾಸಿನ ಕನ್ನಡಿಗನಿಗೂ ಅವನ ತೆಲುಗು ನೆರೆಯವನಿಗೂ ವಿಷಯ ಅರ್ಧ ತಿಳಿದಂತೆಯೇ. ಅಧಿಕಮಾಸ ಬಲ್ಲವರಿಗೆ 'ಅಧಿಕ ಸೆಕೆಂಡು' ಕೂಡ ಒಗಟಾಗಲಾರದು. 1972ರಿಂದ ಅಂಥ 27 ಸೆಕೆಂಡುಗಳು ಜಗತ್ತಿನ ಗಡಿಯಾರಕ್ಕೆ ಸೇರಿವೆ. 2016ರ ಕೊನೆಯದು ಭಾರತದಲ್ಲಿ 2017ರ ಜನವರಿ 1ರ ಬೆಳಗಿನ ಐದೂವರೆಗೆ ಮುನ್ನ ಬಂತು.

ಇನ್ನೂ ಸೂಕ್ಷ್ಮವಾದ ತೊಡಕು 'ಗಂಟೆ' ಎಂಬ ಪದದ್ದು. 'ಎರಡು ಗಂಟೆ' ಗಡಿಯಾರದ ಒಂದು ಬಿಂದುವೂ ಹೌದು, ಒಂದು ಅವಧಿಯೂ ಹೌದು. ತೆಲುಗಿನ 'ಗಂಟ'ಕ್ಕೂ ಇದೇ ಇಬ್ಬಂದಿ. ತುಂಗಭದ್ರೆಯಾಚೆಯ ಉತ್ತರ ಕರ್ನಾಟಕದ ಮಾತಿನಲ್ಲಿ ಅವಧಿಗೆ ಹೆಚ್ಚಾಗಿ 'ತಾಸು' ಬರುತ್ತದೆ: ಬಸ್ಸು ಎರಡು ಗಂಟೆಗೆ ಬರುತ್ತದೆ, ಅದಕ್ಕಾಗಿ ಎರಡು ತಾಸು ಕಾಯಬೇಕಾಗುತ್ತದೆ. ಟೈಮ್‌ಕೋಡ್ ಫ್ರೇಮಿನ ವಿಳಾಸ, ಅವಧಿಯ ಅಳತೆಯಲ್ಲ. ಕ್ಷಯಾಂಕದ ಗೊಂದಲವೆಲ್ಲ ಇವೆರಡನ್ನು ಬೆರೆಸುವುದರಿಂದಲೇ ಹುಟ್ಟುತ್ತದೆ. ಶಿಷ್ಟ ಕನ್ನಡ ಗ್ರಾಮ್ಯವೆಂದು ಬದಿಗಿಟ್ಟ ಪದವೊಂದು ಇಲ್ಲಿ ಪರಿಭಾಷೆಯ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಮಾಡುತ್ತಿದೆ.

ತತ್ಸಮಗಳ ಪರವಾಗಿಯೂ ಒಂದು ಬಲವಾದ ವಾದವಿದೆ: 'ಪ್ರಸಾರ', 'ಆಕಾಶವಾಣಿ' ಎರಡು ಭಾಷೆಗಳಿಗೂ ಸಮಾನ, ಗಡಿಯ ವಿದ್ಯಾರ್ಥಿಗೆ ಅದು ಅನುಕೂಲ. ಅಚ್ಚಗನ್ನಡದ ಹಟ ಅವನನ್ನು ಒಂಟಿಯಾಗಿಸಬಹುದು. ಆದರೆ ಸಮಾನವಾಗಿರುವುದಕ್ಕೆ ಸಂಸ್ಕೃತವಾಗಿಯೇ ಇರಬೇಕೆಂದಿಲ್ಲ. ಕನ್ನಡದ 'ಗಳಿಗೆ'ಯೂ ತೆಲುಗಿನ 'ಗಡಿಯ'ವೂ ಒಂದೇ ಮೂಲದಿಂದ ಸವೆದು ಬಂದ, ಬಾಯಿಗೆ ಒಗ್ಗಿದ ರೂಪಗಳು.

1975–76ರ ಸೈಟ್ ಉಪಗ್ರಹ ಪ್ರಯೋಗದಲ್ಲಿ ಆಂಧ್ರ, ಕರ್ನಾಟಕಗಳೆರಡೂ ಇದ್ದವು. ಆ ಉಪಗ್ರಹದಲ್ಲಿ ಚಿತ್ರಕ್ಕೆ ಒಂದು, ಧ್ವನಿಗೆ ಎರಡು ವಾಹಿನಿಗಳಿದ್ದವು: ಒಂದೇ ಚಿತ್ರಕ್ಕೆ ಎರಡು ಭಾಷೆಗಳ ಮಾತನ್ನು ಏಕಕಾಲಕ್ಕೆ ಕಳಿಸಬಹುದಾಗಿತ್ತು. ಪದಕೋಶಗಳನ್ನು ಕಟ್ಟುವವರು ಒಂದು ಭಾಷೆಯ ಧ್ವನಿಯನ್ನಷ್ಟೇ ಕೇಳಿಸಿಕೊಂಡು ಕೂತಿದ್ದಾರೆ. ಆದವಾನಿಯ ತರಗತಿಯಲ್ಲಿ ಎರಡೂ ಧ್ವನಿಗಳು ಒಟ್ಟಿಗೇ ಕೇಳಿಸುತ್ತವೆ.